ಬಾಂದುಕಲ್ಲು ಹುಡುಕಿದವರು

ಅವರು ನಡೆಯುವಾಗ ಹೆಜ್ಜೆ ಎಣಿಸುತ್ತಿದ್ದರು. ಬಾಯಲ್ಲಲ್ಲ, ಬೆರಳಲ್ಲಿ. ನೂರು ಹೆಜ್ಜೆಗೊಮ್ಮೆ ಎಡಗೈಯ ಒಂದು ಬೆರಳು ಮಡಚಿಕೊಳ್ಳುತ್ತಿತ್ತು. ಪಕ್ಕದಲ್ಲಿ ನಡೆಯುತ್ತ ನಾವು ಮನೆಯ ಕಷ್ಟಸುಖ ಹೇಳಿಕೊಂಡರೆ ಹೂಂ ಹೂಂ ಎನ್ನುತ್ತ ಕೇಳುತ್ತಿದ್ದರು, ಬೆರಳು ಮಾತ್ರ ತನ್ನ ಕೆಲಸ ಬಿಡುತ್ತಿರಲಿಲ್ಲ. ಮೊದಮೊದಲು ನನಗೆ ರೇಗುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ.

"ಕಾಕಾ, ನನ್ನ ಮಾತು ಕೇಳ್ತಿದ್ದೀರೋ, ಹೆಜ್ಜೆ ಎಣಿಸ್ತಿದ್ದೀರೋ?"

"ಎರಡೂ ನಡದಾವ ತಂಗಿ. ನಿನ್ನ ಮಾತು ಕಿವಿಗೆ, ಲೆಕ್ಕ ಕಾಲಿಗೆ. ಒಂದರ ಕೆಲಸಾ ಇನ್ನೊಂದು ಮಾಡೂದಿಲ್ಲ."

ಆಮೇಲೆ ನಾನು ಹೇಳಿದ್ದನ್ನೆಲ್ಲ ಒಂದೂ ತಪ್ಪದೆ ತಿರುಗಿ ಒಪ್ಪಿಸಿದರು. ಅತ್ತೆಯ ಮಂಡಿನೋವು, ಮಗಳ ಗಣಿತ, ಗಂಡನ ವರ್ಗಾವಣೆಯ ಗಾಳಿಸುದ್ದಿ. ಕೊನೆಗೆ, "ಇಷ್ಟು ಹೇಳೂದರಾಗ ಆರನೂರಾ ಹತ್ತು ಹೆಜ್ಜಿ ಆತು" ಎಂದರು.

ಮಳೆ ನಿಂತ ಮೇಲೆ ಅವರು ತೀರಿಕೊಂಡರು. ನ್ಯುಮೋನಿಯಾ ಎಂದರು ಡಾಕ್ಟರು, ವಯಸ್ಸು ಎಂದರು ಬಂಧುಗಳು. ಎರಡೂ ಸುಳ್ಳು ಎಂದು ನನಗೆ ಅನ್ನಿಸುತ್ತದೆ, ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಸಮಾಧಿಯ ಹತ್ತಿರ ನಿಂತಿದ್ದವರು ಹತ್ತು ಜನ ಇದ್ದಿರಬಹುದು. ಅವರ ಚರ್ಚಿನವರು ಕೆಲವರು, ರೈಲ್ವೆಯ ಹಳೆಯ ಸ್ನೇಹಿತರಿಬ್ಬರು, ಹೆಂಡತಿ, ಹೆಂಡತಿಯ ಅಕ್ಕನ ಮಗಳು. ನಾವೆಲ್ಲ ಇರುವ ರಸ್ತೆಯಿಂದ ಹೋದವಳು ನಾನೊಬ್ಬಳೇ. ಅದೂ ಪಕ್ಕದ ಮನೆಯವರು "ಎಲ್ಲಿಗೆ ದಿದಿ, ಇಷ್ಟು ಬೇಗ?" ಎಂದಾಗ "ಕಾಲೇಜಿಗೆ" ಎಂದು ಹೇಳಿ ಹೋದವಳು. ಮೂವತ್ತು ವರ್ಷ ಆ ರಸ್ತೆಯಲ್ಲಿ ಬಾಳಿದ ಮನುಷ್ಯನ ಮಣ್ಣಿಗೆ ಸುಳ್ಳು ಹೇಳಿ ಹೋಗಬೇಕಾಯಿತು.

ನಾವು ಬಂಗಾಳದ ಬಾರಾನಗರಕ್ಕೆ ಬಂದ ಹೊಸತರಲ್ಲಿ ಅವರ ಪರಿಚಯವಾಯಿತು. ಗಂಡ ಬ್ಯಾಂಕಿನವರು, ನನಗೆ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಬೆಳಿಗ್ಗೆ ಚಹಾದಂಗಡಿಯ ಎದುರು ಬ್ಯಾಟರಿ ರಿಕ್ಷಾಕ್ಕೆ ಕಾಯುತ್ತ ನಿಂತಿದ್ದೆ. ಇಲ್ಲಿ ಅದಕ್ಕೆ ಟೋಟೊ ಎನ್ನುತ್ತಾರೆ. ಎತ್ತರದ, ಒಣಕಲು ಮೈಯ ಒಬ್ಬರು ಟೋಟೊದವನಿಗೆ ನದಿಯ ಘಾಟಿನಿಂದ ಸ್ಟೇಷನ್ನಿಗೆ ಎಷ್ಟು ದೂರವೆಂದು ಬಂಗಾಳಿಯಲ್ಲಿ ಪಾಠ ಹೇಳುತ್ತಿದ್ದರು. ಅವನು ನಕ್ಕು ಗಾಡಿ ಬಿಟ್ಟುಕೊಂಡು ಹೋದ. "ಏನ್ ಮಂದಿಪಾ ಇವರು!" ಎಂದು ತಮ್ಮಷ್ಟಕ್ಕೆ ಗೊಣಗಿದರು. ನನಗೆ ಮೈ ಜುಮ್ಮೆಂದಿತು. ಮೂರು ತಿಂಗಳಿಂದ ಮನೆಯ ಹೊರಗೆ ಕನ್ನಡ ಕಿವಿಗೆ ಬಿದ್ದಿರಲಿಲ್ಲ.

"ನೀವು ಕನ್ನಡದವರಾ?" ಎಂದೆ.

ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬೆಟಗೇರಿಯಾಂವ. ನೀ ಮೈಸೂರಕಿ, ಹೌದಲ್ಲೋ?"

"ಹೇಗೆ ಗೊತ್ತಾಯ್ತು?"

"ಜಗಳಾ ನಡದಲ್ಲೆ ಬಂದು ಇಷ್ಟು ಮೆತ್ತಗ ಮಾತಾಡಸೂ ಮಂದಿ ಮತ್ಯಾರ ಅದಾರ?"

ಅವತ್ತಿನಿಂದ ಅವರು ನನಗೆ ಕಾಕಾ. ಅವರ ಹೆಂಡತಿ, ಬೆಟಗೇರಿ ಕಡೆಯವರ ವಾಡಿಕೆಯಂತೆ, ಕಾಕು. ಬಂಗಾಳಿಯಲ್ಲಿ ಕಾಕು ಎಂದರೆ ಚಿಕ್ಕಪ್ಪ. ಕೇರಿಯ ಹುಡುಗರು ಕಾಕಾರನ್ನು ಕಾಕು ಎಂದು ಕೂಗಿದರೆ ಒಳಗಿನಿಂದ ಹೆಂಡತಿ "ಓ" ಎನ್ನುತ್ತಿದ್ದರು. ನಿವೃತ್ತ ನರ್ಸು, ಮಾತಿನಲ್ಲಿ ಗಂಡನಿಗಿಂತ ಒಂದು ಕೈ ಮೇಲು. "ಇವ್ರು ಲಗ್ನದಾಗ ನನ್ನ ಮಾರಿ ನೋಡಲಿಲ್ಲವಾ, ಚರ್ಚಿನ ಕಂಬ ಎಷ್ಟು ಫೂಟಿಗೊಂದು ಅದಾವ ಅಂತ ನೋಡಕೋತ ನಿಂತಿದ್ರು" ಎಂದು ನನಗೆ ಜೋಳದ ರೊಟ್ಟಿ ಬಡಿದುಕೊಡುತ್ತ ಹೇಳುತ್ತಿದ್ದರು. ಅವರು ಅದನ್ನು ಅಲ್ಲಗಳೆಯುತ್ತಿರಲಿಲ್ಲ. "ಹನ್ನೊಂದು" ಎನ್ನುತ್ತಿದ್ದರು.

ಕಾಕಾ ರೈಲ್ವೆಯಲ್ಲಿ ಸರ್ವೇಯರ್ ಆಗಿದ್ದವರು. ಹಳಿ ಬರುವ ಮೊದಲು ಜಮೀನು ಅಳೆದು ನಕ್ಷೆ ಬರೆಯುವ ಕೆಲಸ. ಒಮ್ಮೆ ಬಿಹಾರದ ಕಡೆ ಯಾರ್ಡಿಗೆ ಜಾಗ ಅಳೆಯುವಾಗ ನಡುವೆ ಒಂದು ಕೆರೆ ಸಿಕ್ಕಿತಂತೆ. ಬೇಸಿಗೆಯಲ್ಲಿ ಪೂರ್ತಿ ಒಣಗುವ ಸಣ್ಣ ಕೆರೆ. ನಕ್ಷೆಯಲ್ಲಿ ಅದು ಇಲ್ಲದಿದ್ದರೆ ಮಂಜೂರಾತಿ ಸಲೀಸು ಎಂದು ಮೇಲಧಿಕಾರಿ ಹೇಳಿದ. ಇವರು ಕೆರೆಯನ್ನು ಹಾಕಿದರು, ಅದರ ಮೆಟ್ಟಿಲುಗಳನ್ನೂ ಹಾಕಿದರು, ದಂಡೆಯ ಮೇಲಿನ ಬೇವಿನ ಮರವನ್ನೂ ಹಾಕಿದರು. ಮೇಲಿನವರು ಇವರನ್ನು ಎರಡು ವರ್ಷ ಅಸ್ಸಾಮಿನ ಯಾವುದೋ ಮೂಲೆಗೆ ಎತ್ತಿಹಾಕಿದರು. "ಮೆಟ್ಟಲಾ ಯಾಕ ಹಾಕಿದ್ರಿ ಅಂತ ಕೇಳವಾ" ಎಂದು ಕಾಕು ನನ್ನನ್ನು ತಿವಿದರು. "ಮೆಟ್ಟಲಾ ಇದ್ದೂವು," ಎಂದರು ಕಾಕಾ.

ಇನ್ನು ಆ ರಸ್ತೆ. ಅದರ ಬಗ್ಗೆ ಬರೆಯುವುದು ನನಗೆ ಸುಲಭವಲ್ಲ, ಏಕೆಂದರೆ ದಿನಾ ಬೆಳಿಗ್ಗೆ ಅದರ ಮೇಲೆಯೇ ಕಾಲೇಜಿಗೆ ಹೋಗುತ್ತೇನೆ. ಗಂಗೆಗೆ ಒತ್ತಿಕೊಂಡು ಎರಡು ಘಾಟುಗಳ ನಡುವೆ ಹೋಗುವ ರಸ್ತೆ. ಒಂದು ಕಡೆ ನೀರು, ಇನ್ನೊಂದು ಕಡೆ ಹಿಂದಿನ ಕಾಲದ ಸಾಹುಕಾರರು ಕಟ್ಟಿಸಿದ ತೋಟದ ಮನೆಗಳು. ಅವುಗಳ ಗಿಡ್ಡ ಕಾಂಪೌಂಡಿನೊಳಗಿಂದ ಶಿರೀಷದ ಮರಗಳು ಬಾಗಿ, ರಸ್ತೆಯನ್ನು ದಾಟಿ, ನೀರಿನ ಮೇಲೆ ಕೊಂಬೆ ಚಾಚಿದ್ದವು. ನಮ್ಮ ಕಡೆ ಮಳೆಮರ ಎನ್ನುತ್ತೇವಲ್ಲ, ಅದೇ. ಮೇ ತಿಂಗಳ ನಡುಹಗಲಲ್ಲೂ ಅಲ್ಲಿ ಕೊಡೆ ಬಿಚ್ಚಬೇಕಾಗಿರಲಿಲ್ಲ. ಮನೆಗಳ ಮುಂದೆ ರೋಕ್, ಅಂದರೆ ಬೀದಿಗೆ ಮುಖ ಮಾಡಿದ ಜಗಲಿ. ಅದರ ಮೇಲೆ ಕೂತು ರಾಜಕೀಯ, ಫುಟ್‌ಬಾಲ್, ಮೀನಿನ ಬೆಲೆ ಮಾತಾಡುವುದು ಇಲ್ಲಿನವರ ಅರ್ಧ ಜೀವನ. ನಾಲ್ಕು ಜನ ಕೂತು ಹರಟುತ್ತಿದ್ದರೆ ಟೋಟೊದವನೂ ಗಾಡಿ ನಿಧಾನ ಮಾಡಿ ಒಂದು ಮಾತು ಸೇರಿಸಿ ಹೋಗುತ್ತಿದ್ದ. ಇದಕ್ಕಿಂತ ಚಂದದ ರಸ್ತೆಯನ್ನು ನಾನು ನೋಡಿಲ್ಲ. ಮೈಸೂರಿನವಳಾಗಿ ಈ ಮಾತು ಹೇಳುತ್ತಿದ್ದೇನೆ.

ರಸ್ತೆ ಅಗಲ ಮಾಡುತ್ತಾರೆ ಎಂಬ ಸುದ್ದಿ ಹೊಸದೇನಲ್ಲ. ಚುನಾವಣೆ ಬಂದಾಗ ಬರುತ್ತಿತ್ತು, ಮುಗಿದಾಗ ಹೋಗುತ್ತಿತ್ತು. ಅಗಲ ಮಾಡಬೇಕೆಂದರೆ ತೋಟದ ಮನೆಗಳ ಜಾಗ ಕೊಳ್ಳಬೇಕು, ಒಂದೊಂದು ಮನೆಗೂ ಹದಿನೆಂಟು ಜನ ವಾರಸುದಾರರು, ಅದರಲ್ಲಿ ಅರ್ಧ ಜನ ಕೋರ್ಟಿನಲ್ಲಿ. ಯಾರು ಅದಕ್ಕೆ ಕೈ ಹಾಕುತ್ತಾರೆ? ಹೀಗೆಂದು ಎಲ್ಲರೂ ನಿಶ್ಚಿಂತೆಯಿಂದಿದ್ದರು. ಆಗ ಒಂದು ಕಚೇರಿಯಿಂದ ಕಾಗದ ಬಂತು. ಹೆಸರು ಬೇಡ, ಎಲ್ಲ ಕಚೇರಿಗಳೂ ಒಂದೇ. ನದಿಯ ದಂಡೆಯ ಹಳೆಯ ರಸ್ತೆಗಳನ್ನು ಐತಿಹಾಸಿಕ ಸುಂದರ ಮಾರ್ಗವೆಂದು ಗುರುತಿಸುತ್ತೇವೆ, ಅಲ್ಲಿಯ ನಿವಾಸಿಗಳೇ ಸೇರಿ ಒಂದು ಯೋಜನೆ ಮಾಡಿ ಕೊಡಿ, ಅದರಂತೆಯೇ ನಡೆಯುತ್ತೇವೆ ಎಂದು. ಕೇರಿಯ ಕ್ಲಬ್ಬಿನ ಸೆಕ್ರೆಟರಿ ಅದನ್ನು ಹಿಡಿದು ಮನೆಮನೆಗೆ ಓಡಾಡಿದ. ನಲವತ್ತು ದಾಟಿದವನು, ದುರ್ಗಾಪೂಜೆಯ ಚಂದಾ ಎತ್ತುವುದರಲ್ಲಿ ನಿಸ್ಸೀಮ, ಒಳ್ಳೆಯವನೇ. ನಕ್ಷೆ ಬರೆಯುವವರು ಯಾರು ಎಂಬ ಪ್ರಶ್ನೆಯೇ ಬರಲಿಲ್ಲ. ಬರಹಕ್ಕೆ ನಾನು.

ಆ ಆರು ತಿಂಗಳು ಕಾಕಾ ಹತ್ತು ವರ್ಷ ಚಿಕ್ಕವರಾದರು. ಕ್ಲಬ್ಬಿನ ಕೇರಂ ಬೋರ್ಡನ್ನು ತಿರುವಿ ಹಾಕಿ, ಅದರ ಮೇಲೆ ಕಾಗದ ಅಂಟಿಸಿ, ಕೇರಿಯವರನ್ನು ಒಬ್ಬೊಬ್ಬರನ್ನಾಗಿ ಕರೆದರು. ಯೋಜನೆ ಎಂದರೆ ಸಭೆ, ಭಾಷಣ, ಸಮೋಸ ಎಂದುಕೊಂಡು ಬಂದವರಿಗೆ ನಿರಾಶೆಯಾಯಿತು. ಇವರು ಅವರನ್ನು ಎಬ್ಬಿಸಿಕೊಂಡು ರಸ್ತೆಗೆ ನಡೆದರು. "ಈ ಘಾಟಿನಿಂದ ಆ ಘಾಟಿನ ತನಕಾ ನನ್ನ ಜೋಡಿ ನಡೀರಿ. ನಿಮಗ ಎಲ್ಲಿ ನಿಲ್ಲಬೇಕು ಅನಸ್ತದ, ಅಲ್ಲಿ ನಿಲ್ಲರಿ. ಯಾಕ ಅಂತ ನಾ ಕೇಳೂದಿಲ್ಲ," ಎಂದು ತಮ್ಮ ಧಾರವಾಡದ ಬಂಗಾಳಿಯಲ್ಲಿ ಹೇಳುತ್ತಿದ್ದರು. ನಿಂತಲ್ಲಿ ಒಂದು ಚುಕ್ಕಿ. ಮೀನು ಮಾರುವವಳು ನಿಂತದ್ದು ಮೊದಲ ಬಿಸಿಲು ಬೀಳುವ ಮೆಟ್ಟಿಲಿನ ಹತ್ತಿರ. ಸೆಣಬಿನ ಕಾರ್ಖಾನೆಯಿಂದ ನಿವೃತ್ತನಾದ ಮುದುಕ ನಿಂತದ್ದು ಕಾರ್ಖಾನೆ ಕಾಣದ ತಿರುವಿನಲ್ಲಿ. ಕಾಲೇಜಿನ ಹುಡುಗಿಯೊಬ್ಬಳು ಒಂದು ಮುರಿದ ಗೇಟಿನ ಮುಂದೆ ನಿಂತು ಕೆಂಪಾದಳು. ಕಾಕಾ ಆಕಾಶ ನೋಡುತ್ತ ಚುಕ್ಕಿ ಇಟ್ಟರು.

ನನ್ನನ್ನೂ ಕರೆದುಕೊಂಡು ಹೋದರು. ನಾನು ಎಲ್ಲೂ ನಿಲ್ಲಲಿಲ್ಲ, ಕಾಲೇಜಿಗೆ ಹೊತ್ತಾಗಿತ್ತು. "ನಿಲ್ಲದವರದೂ ಒಂದು ಗುರುತು ಹಾಕಬೇಕಲ್ಲವಾ," ಎಂದು ನಕ್ಕರು.

ಚುಕ್ಕಿಗಳು ತುಂಬಿದ ಆ ಹಾಳೆಯನ್ನು ಪೂಜೆಯ ಪೆಂಡಾಲಿನಲ್ಲಿ ತೂಗುಹಾಕಿದರು. ದುರ್ಗೆಯನ್ನು ನೋಡಲು ಬಂದವರು ಸಾಲು ನಿಂತು ತಮ್ಮ ತಮ್ಮ ಚುಕ್ಕಿ ಹುಡುಕಿದರು. ಯಾವ ಅಧಿಕಾರಿಯೂ ಕೊಡದ ಮರ್ಯಾದೆ ಅದು. ಕಾಕಾ ಪೆಂಡಾಲಿನ ಹಿಂದೆ ಕುರ್ಚಿ ಹಾಕಿಕೊಂಡು, ಜನ ಆಡುವುದನ್ನು ಕೇಳುತ್ತ, ಮಣ್ಣಿನ ಕುಡಿಕೆಯಲ್ಲಿ ಚಹಾದ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ಒಬ್ಬ ಮನುಷ್ಯ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ.

ಕಲ್ಲಿನ ಸಂಗತಿ ಆಮೇಲೆ ಬಂದದ್ದು. ರಸ್ತೆಯ ನಡುಭಾಗದ ದೊಡ್ಡ ಮನೆಯಲ್ಲಿ ಒಬ್ಬ ಮುದುಕಿ ಇದ್ದಾರೆ, ಎಲ್ಲರಿಗೂ ಮಾಶಿಮಾ, ಅಂದರೆ ದೊಡ್ಡಮ್ಮ. ಅವರು ಮಾತಿನ ನಡುವೆ, ಚಿಕ್ಕಂದಿನಲ್ಲಿ ಮರದ ಹಿಂದಿನ ಒಂದು ಅಂಕಿ ಕೆತ್ತಿದ ಕಲ್ಲಿನ ಮೇಲೆ ಕೂತು ನೆಲ್ಲಿಕಾಯಿ ತಿನ್ನುತ್ತಿದ್ದೆ ಎಂದರು. ಕಾಕಾರ ಕಿವಿ ನೆಟ್ಟಗಾಯಿತು. "ಬಾಂದುಕಲ್ಲ ಅದು!" ಎಂದು ನನ್ನ ಕಡೆ ತಿರುಗಿದರು. ಸರ್ಕಾರದ ನೆಲ ಎಲ್ಲಿ ಮುಗಿಯುತ್ತದೆ, ಖಾಸಗಿ ನೆಲ ಎಲ್ಲಿ ಶುರುವಾಗುತ್ತದೆ ಎಂದು ತೋರಿಸಲು ಹಿಂದಿನವರು ನೆಟ್ಟ ಗಡಿಯ ಕಲ್ಲು. ಮಾಶಿಮಾ ಒಪ್ಪಿ ತೋಟ ಅಗೆಯಲು ಬಿಟ್ಟರು. ಎರಡಡಿ ಮಣ್ಣಿನ ಕೆಳಗೆ ಕಲ್ಲು ಸಿಕ್ಕಿತು. ಅದರಿಂದ ಅಳತೆ ಹಿಡಿದು ಮುಂದಿನ ಮನೆಯ ತೋಟದಲ್ಲಿ ಇನ್ನೊಂದು, ಅದರ ಮುಂದೆ ಮತ್ತೊಂದು. ಟೇಪಿನ ಒಂದು ತುದಿ ಹಿಡಿದು ಭಾನುವಾರಗಳೆಲ್ಲ ನಾನೂ ಓಡಾಡಿದೆ. ಕಲ್ಲಿನ ಮಣ್ಣನ್ನು ಅವರು ತಮ್ಮ ಕರ್ಚೀಫಿನಿಂದ ಒರೆಸುತ್ತಿದ್ದರು. ನಾನು ಫೋಟೋ ತೆಗೆಯುತ್ತಿದ್ದೆ.

ಕಲ್ಲುಗಳೆಲ್ಲ ಇದ್ದದ್ದು ಮರಗಳ ಹಿಂದೆ, ಮನೆಗಳ ಕಡೆಗೆ. ಅಂದರೆ ಮರಗಳು ನಿಂತದ್ದು ರಸ್ತೆಯ ನೆಲದ ಮೇಲೆ. ಯಾವುದೋ ಕಾಲದಲ್ಲಿ ಸಾಹುಕಾರರು ಸದ್ದಿಲ್ಲದೆ ಕಾಂಪೌಂಡನ್ನು ಮುಂದಕ್ಕೆ ತಂದು ಮರಗಳನ್ನು ಒಳಗೆ ಹಾಕಿಕೊಂಡಿದ್ದರು. ಆ ಒತ್ತುವರಿಯೇ ಇಷ್ಟು ವರ್ಷ ಮರಗಳಿಗೆ ಬೇಲಿಯಾಗಿತ್ತು. ಈ ಕೊನೆಯ ವಾಕ್ಯವನ್ನು ಈಗ ಸರಾಗವಾಗಿ ಬರೆದೆ. ಆಗ ನನಗೆ ಇದು ಹೊಳೆಯಲಿಲ್ಲ.

ಅವರಿಗೆ ಹೊಳೆದಿತ್ತು. ಯೋಜನೆ ಕೊಡಲು ಎರಡು ದಿನ ಇರುವಾಗ ಮಧ್ಯಾಹ್ನ ಲೈಬ್ರರಿಗೆ ಬಂದರು. ಹಿಂದೆಂದೂ ಅಲ್ಲಿಗೆ ಬಂದವರಲ್ಲ. ಒಂದು ಲೋಟ ನೀರು ಪೂರ್ತಿ ಕುಡಿದು, ಕೈಯಲ್ಲಿದ್ದ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿದರು. ಒಂದೇ ರಸ್ತೆಯ ಎರಡು ನಕ್ಷೆ. ಒಂದರಲ್ಲಿ ಕಲ್ಲುಗಳನ್ನು ಸೇರಿಸುವ ಕೆಂಪು ಗೆರೆ ಇತ್ತು. ಇನ್ನೊಂದರಲ್ಲಿ ಇರಲಿಲ್ಲ.

"ನನ್ನ ಜನ್ಮದಾಗ ಒಂದು ಜಾಗಾಕ್ಕ ಎರಡು ನಕ್ಷಾ ತಗದಿದ್ದಿಲ್ಲ," ಎಂದರು. "ಯಾವುದು ಕೊಡೂನು, ಹೇಳವಾ."

"ಯಾಕೆ ಕಾಕಾ? ಕಲ್ಲು ಇರೋದೇ ಅಲ್ವಾ?"

"ಅದಾವ. ಆದ್ರ ಈ ಗೆರಿ ಹಾಕಿದ್ರ ಮರಾ ಎಲ್ಲಾ ರಸ್ತೇವು ಆಗತಾವ."

"ಒಳ್ಳೇದೇ ಆಯ್ತಲ್ಲ. ಯಾರೋ ಸಾಹುಕಾರರ ಮರ ಅಲ್ಲ, ಎಲ್ಲರ ಮರ ಅಂತಾಯ್ತು. ಕಲ್ಲೇ ಇಲ್ಲದೆ ಇತಿಹಾಸ ಅಂತ ಏನು ತೋರಿಸೋಣ? ಹಾಕಿ."

ಇಷ್ಟು ಹೇಳಿದೆ. ಹೇಳದೇ ಬಿಟ್ಟದ್ದೂ ಒಂದಿದೆ. ಆ ಕಲ್ಲುಗಳ ಮೇಲೆ ನಾನು ಒಂದು ಇಡೀ ಅಧ್ಯಾಯ ಬರೆದಿದ್ದೆ, ಫೋಟೋ ಸಮೇತ. ಯೋಜನೆಯಲ್ಲಿ ಅದೇ ಚೆನ್ನಾಗಿ ಬಂದಿತ್ತು. ಅದನ್ನು ಕಿತ್ತುಹಾಕಲು ನನಗೆ ಮನಸ್ಸಿರಲಿಲ್ಲ. ಲೈಬ್ರರಿಯಲ್ಲಿ ಇಪ್ಪತ್ತು ವರ್ಷ ಕೂತವಳಿಗೆ ಕಾಗದಕ್ಕೆ ಬಂದದ್ದು ಉಳಿಯುತ್ತದೆ ಎಂದು ಒಂದು ಮೂಢನಂಬಿಕೆ ಬೆಳೆದುಬಿಟ್ಟಿರುತ್ತದೆ. ಅವರಿಗೂ ಅದೇ ರೋಗ. ಆ ಮಧ್ಯಾಹ್ನ ಮಾತ್ರ ಅವರಿಗೆ ಅನುಮಾನ ಬಂದಿತ್ತು. ಬದುಕಿನಲ್ಲಿ ಮೊದಲ ಸಲ ಒಂದು ಗೆರೆಯನ್ನು ಬಿಡಲು ತಯಾರಾಗಿ, ಬಿಡು ಎಂದು ಒಬ್ಬರು ಹೇಳಲಿ ಎಂದು ಅಷ್ಟು ದೂರ ನಡೆದು ಬಂದಿದ್ದರು. ನಾನು ಹೇಳಲಿಲ್ಲ.

ಸ್ವಲ್ಪ ಹೊತ್ತು ಎರಡನ್ನೂ ನೋಡಿದರು. "ಆತು. ನೀ ಓದಿದಾಕಿ," ಎಂದರು. ಗೆರೆ ಇಲ್ಲದ ನಕ್ಷೆಯನ್ನು ನಾಲ್ಕು ತುಂಡು ಮಾಡಿ ನನ್ನ ಮೇಜಿನ ಪಕ್ಕದ ಬುಟ್ಟಿಗೆ ಹಾಕಿದರು. ಇನ್ನೊಂದರ ಮೂಲೆಯಲ್ಲಿ ಸಹಿ ಮಾಡಿದರು. ನಕ್ಷೆಗೆ ಬರೆದವರ ಸಹಿ ಬೇಕು, ಅದು ಅವರ ಕಸುಬಿನ ಕ್ರಮ. ಬರಹಕ್ಕೆ ಸಹಿ ಬೇಕಾಗಿರಲಿಲ್ಲ, ಅದು ಕೇರಿಯ ಪರವಾಗಿ ಎಂದಿತ್ತು. ಕಾಕಾ ಹೇಳಿದ್ದನ್ನು ನಾನು ಇಂಗ್ಲಿಷ್ ಮಾಡಿಕೊಟ್ಟೆ ಎಂದಷ್ಟೇ ಎಲ್ಲರ ತಿಳಿವಳಿಕೆ.

ಉತ್ತರ ಬರಲು ಒಂದು ವರ್ಷ ಹಿಡಿಯಿತು. ಕ್ಲಬ್ಬಿನಲ್ಲಿ ಸಭೆ ಕರೆದರು. ಕಚೇರಿಯಿಂದ ಬಂದ ಅಧಿಕಾರಿ ಬಹಳ ಸಭ್ಯ. ನಮ್ಮ ಯೋಜನೆಯನ್ನು ಹೊಗಳಿದ. ಇಷ್ಟು ನಿಖರವಾದ ನಕ್ಷೆಯನ್ನು ನಮ್ಮ ಎಂಜಿನಿಯರುಗಳೂ ಮಾಡಿಲ್ಲ ಎಂದ. ರಸ್ತೆಗೆ ಐತಿಹಾಸಿಕ ಸುಂದರ ಮಾರ್ಗವೆಂಬ ಹೆಸರು ಸಿಕ್ಕಿದೆ, ಕಲ್ಲುಬೆಂಚು ಬರುತ್ತದೆ, ಹಳೆ ಮಾದರಿಯ ದೀಪದ ಕಂಬ ಬರುತ್ತದೆ, ಜನ ಬಂದು ನೋಡುವಂತಾಗುತ್ತದೆ ಎಂದ. ಬರುವ ಬಸ್ಸು, ಕಾರುಗಳಿಗಾಗಿ ರಸ್ತೆಯನ್ನು ಅದರ ಮೂಲ ಅಗಲಕ್ಕೆ, ಅಂದರೆ ನೀವೇ ತೋರಿಸಿದ ಕೆಂಪು ಗೆರೆಯವರೆಗೆ, ತರುತ್ತೇವೆ ಎಂದ. ಯಾರ ಜಾಗವನ್ನೂ ಕೊಳ್ಳಬೇಕಾಗಿಲ್ಲ, ಯಾರ ಒಪ್ಪಿಗೆಯೂ ಬೇಕಾಗಿಲ್ಲ, ಅದಕ್ಕಾಗಿ ನಿಮಗೆ ಧನ್ಯವಾದ ಎಂದ.

"ಮರಗಳು?" ಎಂದು ಯಾರೋ ಕೇಳಿದರು.

"ಗೆರೆಯ ಈಚೆಗಿರುವವು ಹೋಗುತ್ತವೆ," ಎಂದ. ಈಚೆಗಿದ್ದವು ಎಲ್ಲವೂ.

ಅಧಿಕಾರಿ ಹೋದ ಮೇಲೆ ಸೆಕ್ರೆಟರಿ ಎದ್ದು ನಿಂತ. ಕಾಕಾರ ಕಡೆ ತಿರುಗಿದ. "ಕಾಕು, ಆ ಕಲ್ಲುಗಳನ್ನ ನಕ್ಷೆಗೆ ಹಾಕಿ ಅಂತ ನಿಮಗೆ ಹೇಳಿದವರು ಯಾರು?"

"ಯಾರೂ ಇಲ್ಲ," ಎಂದರು ಕಾಕಾ. "ನಾನೇ."

ನಾನು ಮೂರನೇ ಸಾಲಿನಲ್ಲಿದ್ದೆ. ಮಡಿಲಲ್ಲಿ ಕೈಚೀಲ ಇತ್ತು, ಅದರ ಜಿಪ್ಪನ್ನು ಹಾಕುತ್ತ ತೆಗೆಯುತ್ತ ಕೂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎದ್ದು ನಿಲ್ಲುತ್ತಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಲ್ಲುತ್ತಿರಲಿಲ್ಲ. ಆ ಕೇರಿಯಲ್ಲಿ ನಾನು ಇನ್ನೂ ಬದುಕಬೇಕಿತ್ತು, ಮಗಳು ಅಲ್ಲೇ ಬೆಳೆಯಬೇಕಿತ್ತು. ಅವರೂ ಅಲ್ಲೇ ಬದುಕಬೇಕಿತ್ತು ಎಂಬುದು ಆಗ ತಲೆಗೆ ಬರಲಿಲ್ಲ.

ಅರ್ಜಿಯ ಮೇಲೆ ಅರ್ಜಿ ಬರೆದೆ. ಪ್ರಾಯಶ್ಚಿತ್ತ ಎಂದುಕೊಂಡು ಬರೆದೆ. ಎಲ್ಲದಕ್ಕೂ ಒಂದೇ ಉತ್ತರ, ಜೊತೆಗೆ ನಮ್ಮದೇ ನಕ್ಷೆಯ ಪ್ರತಿ.

ಚಳಿಗಾಲದಲ್ಲಿ ಗರಗಸದವರು ಬಂದರು. ಮರ ಬೀಳುವ ಸದ್ದು ನಾನು ಅಂದುಕೊಂಡಂತೆ ಇರಲಿಲ್ಲ. ಮೊದಲು ಬಹಳ ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಕಿಟಕಿಯ ಗಾಜು ಅದುರುತ್ತದೆ. ಬಕಗಳು ಗೂಡಿಲ್ಲದೆ ನಾಲ್ಕು ದಿನ ನೀರಿನ ಮೇಲೆ ಸುತ್ತಿದವು, ಐದನೇ ದಿನ ಕಾಣಲಿಲ್ಲ. ಕಾಕಾ ಬಾಗಿಲು ಹಾಕಿಕೊಂಡು ಕೂತಿದ್ದರು. ನಾನು ಹೋದಾಗ ಕಾಕು ಹೊರಗೆ ಬಂದು, "ಎರಡು ದಿನಾ ಆತು, ಅನ್ನ ಮುಟ್ಟಿಲ್ಲವಾ. ಸದ್ದು ಕೇಳಿ ಇದು ಎಷ್ಟನೇದು ಅಂತ ಹೇಳಾಕತ್ಯಾರ," ಎಂದರು.

ಒಂದೇ ಒಂದು ದಿನ ಅವರು ಹೊರಗೆ ಬಂದರು. ಗುತ್ತಿಗೆದಾರನ ಜನ ಸುಣ್ಣದಲ್ಲಿ ಗೆರೆ ಎಳೆಯುತ್ತ ಮಾಶಿಮಾ ಮನೆಯ ಹತ್ತಿರ ಅಂದಾಜಿನಲ್ಲಿ ಒಂದು ಮಾರು ಒಳಗೆ ಹೋದರು. ಹಾಗಾದರೆ ಅವರ ರೋಕ್ ಹೋಗುತ್ತದೆ, ಮುಂದಿನ ಕೋಣೆಯ ಗೋಡೆಯೂ ಹೋಗುತ್ತದೆ. ಮುದುಕಿ ಕೂಗಾಡುವುದು ಕೇಳಿ ಕಾಕಾ ಟೇಪು ಹಿಡಿದು ಹೋದರು. ಕೈಯಲ್ಲೇ ಮಣ್ಣು ಕೆದಕಿ ಕಲ್ಲನ್ನು ತೋರಿಸಿದರು, ಟೇಪಿನ ಒಂದು ತುದಿಯನ್ನು ಗುತ್ತಿಗೆದಾರನ ಆಳಿನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು, ಗೆರೆಯನ್ನು ಅಳಿಸಿ ಸರಿಯಾಗಿ ಎಳೆಸಿದರು. ಮಾಶಿಮಾ ಮನೆ ಉಳಿಯಿತು. ಆದರೆ ದೂರದಿಂದ ನೋಡಿದವರಿಗೆ ಕಂಡದ್ದೇನು? ಗುತ್ತಿಗೆದಾರನ ಜೊತೆ ಟೇಪು ಹಿಡಿದು ನಿಂತ ಕಾಕಾ. ಎಷ್ಟು ತಿಂದಿದ್ದಾನೋ ಎಂದು ಸಂಜೆಯ ಹೊತ್ತಿಗೆ ರಸ್ತೆಯ ತುಂಬ ಮಾತು. ಮಾಶಿಮಾ ಒಂದು ಮಾತು ಹೇಳಿದ್ದರೆ ಸಾಕಿತ್ತು. ತೋಟ ಅಗೆಯಲು ಬಿಟ್ಟವರು ಅವರು, ಅವರೂ ತಮ್ಮ ಮುಖ ಉಳಿಸಿಕೊಳ್ಳಬೇಕಿತ್ತು.

ಮರುದಿನ ಬೆಳಿಗ್ಗೆ ಚಹಾದಂಗಡಿಯಿಂದ ಕಾಕಾ ಬರಿಗೈಯಲ್ಲಿ ವಾಪಸು ಬರುವುದು ಕಂಡಿತು.

"ಚಾ ಮುಗದಿತ್ತಂತ," ಎಂದರು.

"ಕಾಕಾ, ಕೆಟಲ್ ಕುದೀತಾ ಇದೆ. ನನಗೆ ಇಲ್ಲಿಂದಲೇ ಕಾಣ್ತಿದೆ."

"ಹೌದೇನು? ನಾ ನೋಡಲಿಲ್ಲ."

ಅವರು ನೋಡಲಿಲ್ಲವೆಂದರೆ ನಂಬುವುದು ಹೇಗೆ? ಆಮೇಲೆ ಅವರು ಆ ರಸ್ತೆಗೆ ಇಳಿಯಲಿಲ್ಲ. ಔಷಧಿಗೆ, ಚರ್ಚಿಗೆ, ಹಿಂದಿನ ಗಲ್ಲಿಯಿಂದ ಸುತ್ತಿ ಹೋಗುತ್ತಿದ್ದರು. ಆ ಗಲ್ಲಿಯಲ್ಲಿ ಚರಂಡಿ ತೆರೆದಿದೆ, ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಆ ನೀರಿನಲ್ಲಿ ನಡೆದೇ ಜ್ವರ ಹಿಡಿಸಿಕೊಂಡದ್ದು. ಆಸ್ಪತ್ರೆಯಲ್ಲಿ ನಾನು ನೋಡಲು ಹೋದಾಗ ಮಾತು ನಿಂತಿರಲಿಲ್ಲ. ಕ್ಷಮಿಸಿ ಎನ್ನಬೇಕೆಂದು ಬಸ್ಸಿನ ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಹೋಗಿದ್ದೆ. "ಮಗಳ ಗಣಿತ ಹೆಂಗ ನಡದದ?" ಎಂದು ಕೇಳಿದರು. ಪರವಾಗಿಲ್ಲ ಎಂದೆ. ಆಮೇಲೆ ನರ್ಸು ಬಂದಳು, ಹೊತ್ತು ಮುಗಿಯಿತು.

ಈಗ ರಸ್ತೆ ಅಗಲವಾಗಿದೆ. ಬಿಸಿಲಿಗೆ ಕಲ್ಲುಬೆಂಚುಗಳು ಕಾದು ಕೂರಲಾಗುವುದಿಲ್ಲ. ಐತಿಹಾಸಿಕ ಸುಂದರ ಮಾರ್ಗ ಎಂದು ಮೂರು ಭಾಷೆಯಲ್ಲಿ ಬೋರ್ಡಿದೆ, ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಬೋರ್ಡಿನ ಕೆಳಗೆ, ನಿವಾಸಿಗಳ ಯೋಜನೆಯಂತೆ ಎಂದು ಸಣ್ಣಕ್ಷರದಲ್ಲಿ ಬರೆದಿದೆ. ಎಲ್ಲ ಮುಗಿದುಹೋಯಿತು. ಮರ ನೆಡುತ್ತಾರಂತೆ, ಕುಂಡದಲ್ಲಿ.

ಅವರ ಬಗ್ಗೆ ಬರೆಯುತ್ತೇನೆ ಎಂದು ಕೂತಾಗ, ಬಂಗಾಳಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆದು ಕ್ಲಬ್ಬಿನ ಗೋಡೆಗೆ ಅಂಟಿಸಬೇಕಾದ ಮಾತು ಇದು ಎಂದು ನನಗೆ ಗೊತ್ತಿತ್ತು. ಕನ್ನಡದಲ್ಲಿ ಬರೆದೆ. ಈ ರಸ್ತೆಯಲ್ಲಿ ಕನ್ನಡ ಓದಬಲ್ಲವರು ನನ್ನನ್ನು ಬಿಟ್ಟು ಯಾರೂ ಇಲ್ಲ. ಗಂಡ ವರ್ಗವಾಗಿ ರಾಂಚಿಯಲ್ಲಿದ್ದಾರೆ. ಮಗಳಿಗೆ ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ಕಾಕು ಅಕ್ಕನ ಮಗಳ ಮನೆಗೆಂದು ಊರಿನ ಇನ್ನೊಂದು ತುದಿಯ ಕಸ್ಬಾಕ್ಕೆ ಹೋದರು, ಕಣ್ಣಿಗೆ ಪೊರೆ ಬಂದು ಅವರಿಗೆ ಓದಲಾಗುವುದಿಲ್ಲ.

ನಾನು ಬರೆಯುತ್ತಿರುವ ಸುದ್ದಿ ಮಗಳ ಬಾಯಿಂದ ಅವರಿಗೆ ತಲುಪಿತು. ಹೋದ ಭಾನುವಾರ ಫೋನು ಮಾಡಿದರು. "ಅವರ ಮ್ಯಾಲೆ ಬರದೀ ಅಂತಲ್ಲವಾ. ನನಗ ಓದಿ ಹೇಳು," ಎಂದರು.

ಓದಿದೆ. ರೊಟ್ಟಿಯ ಮಾತು ಬಂದಾಗ ನಕ್ಕರು. ಗರಗಸದ ಭಾಗಕ್ಕೆ ಬಂದಾಗ ಆ ಕಡೆಯಿಂದ ಮೂಗು ಎಳೆದುಕೊಳ್ಳುವುದು ಕೇಳಿಸಿತು. ಲೈಬ್ರರಿಯ ಮಧ್ಯಾಹ್ನವನ್ನು ನಾನು ಓದಲಿಲ್ಲ. ಕಲ್ಲು ಸಿಕ್ಕಿದಲ್ಲಿಂದ ನೇರ ಅಧಿಕಾರಿಯ ಸಭೆಗೆ ಹಾಳೆ ತಿರುವಿದೆ, ಅಲ್ಲೂ ಮೂರನೇ ಸಾಲಿನಲ್ಲಿ ಕೂತ ನನ್ನನ್ನು, ಆಮೇಲಿನ ಪ್ರಾಯಶ್ಚಿತ್ತವನ್ನು ಬಿಟ್ಟು ಓದಿದೆ. ಎಲ್ಲೂ ತಡವರಿಸಲಿಲ್ಲ.

ಮುಗಿಯಿತು ಕಾಕು ಎಂದೆ.

"ಚಲೋ ಬರದೀ ತಂಗಿ. ಎಲ್ಲಾ ಬರದೀ ನೋಡು," ಎಂದರು.

"ಹೂಂ ಕಾಕು," ಎಂದೆ. "ಎಲ್ಲಾ ಬರೆದಿದ್ದೀನಿ."